ಏಣಿ ಹತ್ತಿದವರ ಊರಿನಲ್ಲಿ

ಯುರೋಪಿಗೆ ಹೋಗಿಬಂದವರು ಐಫೆಲ್ ಗೋಪುರದ ಎತ್ತರವನ್ನೂ ಸ್ವಿಟ್ಜರ್ಲೆಂಡಿನ ಹಿಮರಾಶಿಯನ್ನೂ ವರ್ಣಿಸುವುದು ವಾಡಿಕೆ. ಅವೆರಡನ್ನೂ ನಾವು ನೋಡಿದೆವು. ಆದರೆ ಅವುಗಳ ವಿಷಯವಾಗಿ ನಮಗಿಂತ ಚೆನ್ನಾಗಿ ಬರೆದವರು ಬಹಳ ಮಂದಿ ಇದ್ದಾರೆ. ನಾವೀಗ ಹೇಳಹೊರಟಿರುವುದು ಹೆಚ್ಚಿನ ಓದುಗರು ಹೆಸರನ್ನೂ ಕೇಳಿರಲಾರದ ಒಂದು ಪುಟ್ಟ ಊರಿನ ಸಂಗತಿ. ಆ ಊರಿನ ಹೆಸರನ್ನು ಉಚ್ಚರಿಸುವುದನ್ನು ಕಲಿಯಲು ನಮಗೆ ಅರ್ಧ ದಿನ ಬೇಕಾಯಿತು. ಫ್ರೆಂಚರು ಬರೆಯುವ ಅಕ್ಷರಗಳಲ್ಲಿ ಅರ್ಧದಷ್ಟನ್ನು ಓದುವಾಗ ನುಂಗಿಬಿಡುತ್ತಾರೆ. ಉಳಿದ ಅಕ್ಷರಗಳನ್ನು ಕೂಡಿಸಿದರೆ ಸಿಕ್ಕುವುದು 'ಲ ಕೆನ್ವಾ'.

ನಮ್ಮ ಮಗಳು ಅಳಿಯಂದಿರು ಉದ್ಯೋಗ ನಿಮಿತ್ತ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ವಾಸವಾಗಿದ್ದಾರೆ. 2024ರ ಮೇ ತಿಂಗಳಿನಲ್ಲಿ ನಾವಿಬ್ಬರೂ ಮೊಮ್ಮಗನನ್ನು ನೋಡುವ ನೆಪದಿಂದ ಅಲ್ಲಿಗೆ ಹೋಗಿದ್ದೆವು. ಒಂದು ಶನಿವಾರ ಬೆಳಿಗ್ಗೆ ಅಳಿಯಂದಿರು, 'ಗಡಿಯಾಚೆ ಫ್ರಾನ್ಸಿನಲ್ಲಿ ಒಂದು ಕೋಟೆಯ ಊರಿದೆ, ನೂರು ಕಿಲೋಮೀಟರಿನಷ್ಟು ದೂರ, ಊಟ ಕಟ್ಟಿಕೊಂಡು ಹೋಗಿ ಬರೋಣ' ಎಂದರು. ಕೋಟೆ ಎಂದರೆ ನಮಗೆ ಚಿತ್ರದುರ್ಗದ ಕಲ್ಲಿನ ಸುತ್ತುಗಳು ಕಣ್ಣಮುಂದೆ ಬರುತ್ತವೆ. ಅಲ್ಲಿ ಹೋಗಿ ನೋಡಿದರೆ ಬೆಟ್ಟವೂ ಇಲ್ಲ, ಬಂಡೆಯೂ ಇಲ್ಲ. ಸಪಾಟಾದ ಗದ್ದೆ ಬಯಲಿನ ನಡುವೆ, ಕೆಂಪು ಇಟ್ಟಿಗೆಯ ಗೋಡೆಗಳು ನಕ್ಷತ್ರದ ಮೂಲೆಗಳಂತೆ ಚಾಚಿಕೊಂಡು ಊರನ್ನು ಅಪ್ಪಿಕೊಂಡಿವೆ. ಗೋಡೆಯ ಕೆಳಗೆ ನೀರಿನ ಕಂದಕ, ಕಂದಕದ ನಡುವೆ ಮಣ್ಣಿನ ದಿಬ್ಬಗಳು, ಅದರಾಚೆ ಮತ್ತೊಂದು ಗೋಡೆ. ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ ವೋಬಾನ್ ಎಂಬ ಪ್ರಸಿದ್ಧ ಕೋಟೆ ನಿರ್ಮಾಪಕನು ಇದನ್ನು ಬಲಪಡಿಸಿದನಂತೆ. ಈಗ ಗೋಡೆಗಳ ಮೇಲೆ ಮರಗಳು ಬೆಳೆದು ನೆರಳು ಕೊಡುತ್ತಿವೆ. ಕಂದಕದ ದಡದಲ್ಲಿ ಮುದುಕರು ಗಾಳ ಹಾಕಿಕೊಂಡು ಕುಳಿತಿರುತ್ತಾರೆ. ಊರಿನ ಜನಸಂಖ್ಯೆ ಐದು ಸಾವಿರದ ಆಸುಪಾಸು. ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು ಎನ್ನಬಹುದು.

ಊರೊಳಗೆ ನಡೆಯುತ್ತಿದ್ದಂತೆ ನಮ್ಮ ಮನೆಯವರು ಬೀದಿಯ ಹೆಸರಿನ ಫಲಕವನ್ನು ತೋರಿಸಿ, 'ಇದೇನು, ಇಲ್ಲಿ ನ್ಯೂಜಿಲೆಂಡ್ ಎಂದು ಬರೆದಂತಿದೆಯಲ್ಲ' ಎಂದರು. ನಿಜವೇ. ಒಂದು ಬೀದಿಗೆ ನ್ಯೂಜಿಲೆಂಡಿನ ಹೆಸರು, ಒಂದು ರಸ್ತೆಗೆ ನ್ಯೂಜಿಲೆಂಡಿಗರ ಹೆಸರು, ಒಂದು ಶಿಶುವಿಹಾರಕ್ಕೆ ಅವೆರಿಲ್ ಎಂಬ ನ್ಯೂಜಿಲೆಂಡಿನ ವೈದ್ಯರ ಹೆಸರು. ಭೂಮಿಯ ಗೋಲವನ್ನು ಕೈಯಲ್ಲಿ ಹಿಡಿದು ಫ್ರಾನ್ಸಿನ ಮೇಲೆ ಬೆರಳಿಟ್ಟು ಒಂದು ಸೂಜಿಯನ್ನು ಚುಚ್ಚಿದರೆ ಅದು ಆಚೆ ಬದಿಯಲ್ಲಿ ಹೊರಬೀಳುವುದು ಹೆಚ್ಚುಕಡಿಮೆ ನ್ಯೂಜಿಲೆಂಡಿನ ಹತ್ತಿರ. ಅಷ್ಟು ದೂರದ ದೇಶಕ್ಕೂ ಈ ಕೋಟೆಯ ಊರಿಗೂ ಏನು ನಂಟು?

ನಂಟು ಒಂದು ದಿನದ್ದು. 1918ರ ನವೆಂಬರ್ 4, ಸೋಮವಾರ. ಮೊದಲನೆಯ ಮಹಾಯುದ್ಧ ಮುಗಿಯಲು ಸರಿಯಾಗಿ ಒಂದು ವಾರ ಉಳಿದಿತ್ತು. ಆದರೆ ಅದು ಆಗ ಯಾರಿಗೂ ತಿಳಿದಿರಲಿಲ್ಲ. 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನ್ಯ ಈ ಊರನ್ನು ಹಿಡಿದು ನಾಲ್ಕು ವರ್ಷಗಳ ಮೇಲಾಗಿತ್ತು. ಈ ನಾಲ್ಕು ವರ್ಷಗಳ ಬಾಳು ಹೇಗಿತ್ತೆಂಬುದನ್ನು ಕೇಳಿದರೆ ಮನಸ್ಸು ಮರುಗುತ್ತದೆ. ಜರ್ಮನರ ಹಿಡಿತದಲ್ಲಿದ್ದ ಉತ್ತರ ಫ್ರಾನ್ಸಿನಲ್ಲೆಲ್ಲ ಗಡಿಯಾರಗಳನ್ನು ಜರ್ಮನಿಯ ಕಾಲಕ್ಕೆ ತಿರುಗಿಸಲಾಗಿತ್ತು. ದವಸ, ದನಕರು, ಲೋಹದ ಪಾತ್ರೆ ಎಲ್ಲವೂ ಸೈನ್ಯಕ್ಕೆ ಹೋಗುತ್ತಿತ್ತು. ಜನರು ಜೀವ ಹಿಡಿದುಕೊಂಡದ್ದು ಅಮೆರಿಕದವರು ಸಂಘಟಿಸಿ ಕಳುಹಿಸುತ್ತಿದ್ದ ಹಿಟ್ಟಿನಿಂದ. ಮನೆಯ ಗಡಿಯಾರವೂ ಪರರ ಮಾತನ್ನು ಕೇಳಬೇಕಾದ ಸ್ಥಿತಿ ಎಂಥದಿರಬೇಕು!

ನ್ಯೂಜಿಲೆಂಡಿನ ಡಿವಿಷನ್ ಅಂದು ಬೆಳಗಿನ ಜಾವ ದಾಳಿ ಆರಂಭಿಸಿ ಊರನ್ನು ಎರಡು ಬದಿಯಿಂದ ಸುತ್ತುವರಿದು ಮುಂದೆ ಸಾಗಿತು. ಊರನ್ನು ಹಿಡಿಯುವ ಕೆಲಸ ರೈಫಲ್ ಬ್ರಿಗೇಡಿನ ಪಾಲಿಗೆ ಬಂತು. ಆ ಯುದ್ಧದ ರೀತಿಯಂತೆ ನಡೆದಿದ್ದರೆ ಫಿರಂಗಿಗಳನ್ನು ಊರ ಮೇಲೆ ತಿರುಗಿಸಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಉಳಿಯದಂತೆ ಮಾಡಿ, ಆಮೇಲೆ ಒಳಹೊಕ್ಕರೆ ತೀರಿತು. ಅದೇ ಸೀಮೆಯ ಎಷ್ಟೋ ಊರುಗಳ ಗತಿ ಹಾಗೆಯೇ ಆಗಿದೆ. ಆದರೆ ನೆಲಮಾಳಿಗೆಗಳಲ್ಲಿ ಊರ ಹೆಂಗಸರು ಮಕ್ಕಳು ಅವಿತಿದ್ದಾರೆ ಎಂಬ ಕಾರಣಕ್ಕೆ ಊರಿನೊಳಕ್ಕೆ ಗುಂಡು ಹಾರಿಸಬಾರದೆಂದು ನಿಶ್ಚಯವಾಯಿತು. ಗೋಡೆಯ ಮೇಲೆ ಉರಿಯುವ ಎಣ್ಣೆಯ ಪೀಪಾಯಿಗಳನ್ನು ಎಸೆದು ಹೊಗೆಯ ಮರೆ ಮಾಡಿಕೊಂಡರು. ಸೆರೆಸಿಕ್ಕ ಜರ್ಮನರ ಕೈಯಲ್ಲೇ ಶರಣಾಗಲು ಹೇಳಿ ಕಳುಹಿಸಿದರು. ಒಳಗಿನವರು ಒಪ್ಪಲಿಲ್ಲ.

ಉಳಿದ ದಾರಿ ನಮ್ಮ ಪಾಳೆಯಗಾರರ ಕಾಲದ್ದು: ಏಣಿ ಹಾಕಿ ಹತ್ತುವುದು. ವಿಮಾನಗಳು ಹಾರುತ್ತಿದ್ದ, ಟ್ಯಾಂಕುಗಳು ಓಡುತ್ತಿದ್ದ, ವಿಷಾನಿಲ ಬೀಸುತ್ತಿದ್ದ ಆ ಯುದ್ಧದಲ್ಲಿ ಮರದ ಏಣಿ! ತಂದಿದ್ದ ಏಣಿಗಳು ಬೆಳಗಿನ ಪ್ರಯತ್ನಗಳಲ್ಲಿ ಹಾಳಾಗಿ, ಕೊನೆಗೆ ಉಳಿದದ್ದು ಸುಮಾರು 30 ಅಡಿಯ ಒಂದೇ ಒಂದು. ಒಳಗೋಡೆಯ ಎತ್ತರಕ್ಕೆ ಅದು ಎಲ್ಲಿಂದಲೂ ಎಟುಕುವಂತಿರಲಿಲ್ಲ. ಕಂದಕದ ನೀರನ್ನು ತಡೆಯುವ ತೂಬಿನ ಹತ್ತಿರ ಒಂದು ಕಿರಿದಾದ ಕಲ್ಲುಕಟ್ಟೆ ಇತ್ತು. ಅದರ ಮೇಲೆ ನಿಲ್ಲಿಸಿದರೆ ಮಾತ್ರ ಏಣಿಯ ತುದಿ ಗೋಡೆಯ ಅಂಚನ್ನು ಮುಟ್ಟುತ್ತಿತ್ತು. ಸಂಜೆ ನಾಲ್ಕರ ಸುಮಾರಿಗೆ ಏಣಿ ನಿಂತಿತು. ಮೊದಲು ಹತ್ತಿದವನು ಲೆಸ್ಲಿ ಅವೆರಿಲ್ ಎಂಬ ಇಪ್ಪತ್ತೊಂದು ವರ್ಷದ ಅಧಿಕಾರಿ, ಒಬ್ಬ ಪಾದ್ರಿಗಳ ಮಗ. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ರಿವಾಲ್ವರು. ಮೇಲೆ ತಲೆ ಎತ್ತಿದಾಗ ಕಂಡ ಇಬ್ಬರು ಜರ್ಮನರತ್ತ ಗುಂಡು ಹಾರಿಸಿದನು, ಅವರು ಓಡಿದರು. ಅವನ ಹಿಂದೆ ಕೆರ್ ಎಂಬಾತ ಹತ್ತಿದನು, ಆತನ ಹಿಂದೆ ದಳದ ನಾಯಕ ಬ್ಯಾರೋಕ್ಲೋ, ಅವನ ಹಿಂದೆ ಇಡೀ ದಳ, ಒಂದೇ ಏಣಿಯಲ್ಲಿ, ಒಬ್ಬರ ಹಿಂದೊಬ್ಬರು. ಸ್ವಲ್ಪ ಹೊತ್ತಿನಲ್ಲಿ ಊರು ಕೈಗೆ ಬಂತು. ನೆಲಮಾಳಿಗೆಗಳಿಂದ ಜನ ಹೊರಬಂದು ಸೈನಿಕರನ್ನು ತಬ್ಬಿಕೊಂಡರು. ಊರಿನವರಲ್ಲಿ ಒಬ್ಬರ ಪ್ರಾಣವೂ ಹೋಗಲಿಲ್ಲವೆಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ.

ಆ ಬ್ಯಾರೋಕ್ಲೋ ಮುಂದೆ ನ್ಯೂಜಿಲೆಂಡಿನ ಮುಖ್ಯ ನ್ಯಾಯಾಧೀಶನಾದನು. ಅವೆರಿಲ್ ವೈದ್ಯವಿದ್ಯೆಯನ್ನು ಕಲಿತು ಕ್ರೈಸ್ಟ್‌ಚರ್ಚ್ ನಗರದಲ್ಲಿ ಹೆರಿಗೆಗಳನ್ನು ಮಾಡಿಸುತ್ತ ಬಾಳಿದನು, 1981ರಲ್ಲಿ ತೀರಿಕೊಂಡನು. ಏಣಿ ಹತ್ತಿದ ಕೈಯೇ ಆಮೇಲೆ ಕೂಸುಗಳನ್ನು ಭೂಮಿಗೆ ಇಳಿಸಿಕೊಂಡಿತು ಎಂಬುದು ನಮಗೆ ಬಹಳ ಹಿಡಿಸಿತು. ಶಿಶುವಿಹಾರಕ್ಕೆ ಇಟ್ಟಿರುವುದು ಇವರದೇ ಹೆಸರು.

ಕಥೆಗೆ ಇನ್ನೊಂದು ಮುಖವಿದೆ. ಅಂದು ಹತರಾದ ನ್ಯೂಜಿಲೆಂಡಿಗರು ನೂರಕ್ಕೂ ಮಿಕ್ಕಿ. ಊರಿನ ಸ್ಮಶಾನಕ್ಕೆ ಹೊಂದಿಕೊಂಡ ಹೊಲದಲ್ಲಿ ಅವರಲ್ಲಿ ಕೆಲವರ ಬಿಳಿಯ ಕಲ್ಲುಗಳು ಸಾಲಾಗಿ ನಿಂತಿವೆ. ಸುತ್ತುವರಿದ ಊರು ಹೇಗೂ ಎರಡು ದಿನಗಳಲ್ಲಿ ತಾನಾಗಿ ಬಾಗಿಲು ತೆರೆಯುತ್ತಿರಲಿಲ್ಲವೇ? ವಾರದಲ್ಲಿ ಯುದ್ಧವೇ ನಿಂತಿತಲ್ಲ? ಈ ಪ್ರಶ್ನೆ ನಮ್ಮನ್ನು ಬಾಧಿಸಿತು. ಅಳಿಯಂದಿರು, 'ಮುಂದಿನ ಸೋಮವಾರ ಏನಾಗುತ್ತದೆಂದು ಆ ಸೋಮವಾರದವರಿಗೆ ಹೇಗೆ ಗೊತ್ತಾಗಬೇಕು ಮಾವ' ಎಂದರು. ನಮ್ಮ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆದರೂ ಆ ಕಲ್ಲುಗಳ ಮುಂದೆ ನಿಂತಾಗ ಪ್ರಶ್ನೆ ಹೋಗಲಿಲ್ಲ.

ಈ ನೆನಪಿಗಾಗಿ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯ 2023ರ ಅಕ್ಟೋಬರಿನಲ್ಲಿ ತೆರೆಯಿತು. ಹೆಸರು 'ತೆ ಅರಾಫಾಟಾ'. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ಭಾಷೆಯಲ್ಲಿ ಇದರ ಅರ್ಥ 'ಏಣಿ'. ಹಿಂದೆ ಮೇಯರ್ ವಾಸವಿದ್ದು, ಆಮೇಲೆ ಪೊಲೀಸರ ವಶದಲ್ಲಿದ್ದ ಒಂದು ದೊಡ್ಡ ಮನೆಯನ್ನು ನ್ಯೂಜಿಲೆಂಡಿನ ಒಂದು ಟ್ರಸ್ಟು ದಾನಿಗಳಿಂದ ಹಣ ಕೂಡಿಸಿ ಕೊಂಡು ಸಜ್ಜುಗೊಳಿಸಿದೆ. ಒಳಗಿನ ಪ್ರದರ್ಶನವನ್ನು ರೂಪಿಸಿದವರು 'ಲಾರ್ಡ್ ಆಫ್ ದಿ ರಿಂಗ್ಸ್' ಚಲನಚಿತ್ರಗಳಿಗೆ ಕೆಲಸ ಮಾಡಿದ ವೆಟಾ ಕಾರ್ಯಾಗಾರದವರು. ಆದ್ದರಿಂದ ಇದು ಕಪಾಟಿನಲ್ಲಿ ತುಕ್ಕು ಹಿಡಿದ ಬಂದೂಕುಗಳನ್ನಿಟ್ಟ ಹಳೆಯ ಮಾದರಿಯ ಸಂಗ್ರಹಾಲಯವಲ್ಲ. ಕೋಣೆಯಿಂದ ಕೋಣೆಗೆ ಧ್ವನಿ, ಬೆಳಕು, ಚಿತ್ರ. ಆಳೆತ್ತರವನ್ನು ಮೀರಿದ ಸೈನಿಕನ ಮೂರ್ತಿ, ಮುಖದ ರೋಮಗಳು ಕೂಡ ಕಾಣುವಂತೆ. ಮೊಮ್ಮಗ ಹೆದರಿ ನಮ್ಮ ಕೈ ಹಿಡಿದುಕೊಂಡನು. ಸತ್ಯ ಹೇಳುವುದಾದರೆ ನಮ್ಮ ವಯಸ್ಸಿನವರಿಗೆ ಅಷ್ಟು ಸದ್ದು ಬೇಕಿರಲಿಲ್ಲ. ಅದಕ್ಕಿಂತ ಹೊರಗಿನ ಗೋಡೆಯೇ ನಮ್ಮೊಡನೆ ಹೆಚ್ಚು ಮಾತಾಡಿತು. ಆದರೆ ಒಂದು ಸಂಗತಿಯನ್ನು ಒಪ್ಪಲೇಬೇಕು. ಆಗ ಹತ್ತೂವರೆ ಲಕ್ಷ, ಹನ್ನೊಂದು ಲಕ್ಷ ಜನಸಂಖ್ಯೆಯಿದ್ದ ದೇಶ ಒಂದು ಲಕ್ಷದಷ್ಟು ಮಂದಿಯನ್ನು ಕಡಲಾಚೆಯ ಯುದ್ಧಕ್ಕೆ ಕಳುಹಿಸಿ ಸುಮಾರು 18,000 ಮಂದಿಯನ್ನು ಕಳೆದುಕೊಂಡಿತು; ಅವರಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತದ್ದು ಫ್ರಾನ್ಸ್ ಬೆಲ್ಜಿಯಂಗಳ ಈ ರಣಭೂಮಿಯಲ್ಲಿಯೇ. ಅಂತಹ ದೇಶ ನೂರು ವರ್ಷ ಕಳೆದ ಮೇಲೂ ತನ್ನ ಮಕ್ಕಳನ್ನು ಹುಡುಕಿಕೊಂಡು ಬಂದು ಇಲ್ಲೊಂದು ಮನೆ ಮಾಡಿದೆ.

ಸಂಗ್ರಹಾಲಯದಿಂದ ಹೊರಬಿದ್ದು, 1923ರಲ್ಲಿ ಗೋಡೆಗೇ ಹೊಂದಿಸಿ ಮಾಡಿರುವ ಸ್ಮಾರಕವನ್ನು ನೋಡಲು ಹೋದೆವು. ಕಲ್ಲಿನಲ್ಲಿ ಕೊರೆದ ಏಣಿ, ಹತ್ತುತ್ತಿರುವ ಸೈನಿಕರು. ಎದುರಿನ ಕಲ್ಲುಬೆಂಚಿನ ಮೇಲೆ ವಯಸ್ಸಾದ ಒಬ್ಬ ಬಿಳಿಯರು ಕುಳಿತಿದ್ದರು. ನಾವು ಕಟ್ಟಿಕೊಂಡು ಹೋಗಿದ್ದ ಅಕ್ಕಿರೊಟ್ಟಿಯನ್ನು ಬಿಚ್ಚಿದಾಗ ನಮ್ಮ ಮನೆಯವರು ಅಭ್ಯಾಸಬಲದಿಂದ ಅವರ ಮುಂದೂ ಒಂದು ಹಿಡಿದರು. ಹಂಚದೆ ಉಣ್ಣುವುದು ಅವರಿಗೆ ಎಲ್ಲಿಯೂ ಸಾಧ್ಯವಾಗುವುದಿಲ್ಲ. ಆತ ನಕ್ಕು ತೆಗೆದುಕೊಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನ್ಯೂಜಿಲೆಂಡಿನ ಕೇಂಬ್ರಿಜ್ ಎಂಬ ಊರಿನವರು. ಆ ಊರಿಗೂ ಈ ಊರಿಗೂ ಸೋದರಿ ಸಂಬಂಧ ಏರ್ಪಟ್ಟಿದೆಯೆಂದೂ, ಅಲ್ಲಿನ ಚರ್ಚಿನ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಇದೇ ಗೋಡೆ ಇದೇ ಏಣಿಯ ಚಿತ್ರವಿದೆಯೆಂದೂ ಹೇಳಿದರು. ಅವರ ಅಜ್ಜ ರೈಫಲ್ ಬ್ರಿಗೇಡಿನಲ್ಲಿದ್ದವರು. 'ಮನೆಯಲ್ಲಿ ಆ ವಿಷಯ ಒಂದು ಮಾತೂ ಆಡಲಿಲ್ಲ' ಎಂದು, ಕೋಟಿನ ಒಳಜೇಬಿನಿಂದ ಪುಟ್ಟ ಪೆಟ್ಟಿಗೆಯೊಂದನ್ನು ತೆಗೆದು ಬಿಚ್ಚಿದರು.

ಒಳಗಿದ್ದುದು ದುಂಡನೆಯ ಒಂದು ಬೆಳ್ಳಿಯ ಪದಕ. ಒಂದು ಬದಿಗೆ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಬದಿಗೆ ಕುದುರೆಯ ಮೇಲೆ ಕುಳಿತ ಬರಿಮೈಯ ಸವಾರ. ಆತ ಅದನ್ನು ನಮ್ಮ ಅಂಗೈಯಲ್ಲಿಟ್ಟು, ಅಂಚನ್ನು ತಿರುಗಿಸಿ ತೋರಿಸಿದರು. ಅಂಚಿನ ಉದ್ದಕ್ಕೂ ಸಣ್ಣ ಅಕ್ಷರಗಳಲ್ಲಿ ಅಜ್ಜನ ಸಂಖ್ಯೆ, ದರ್ಜೆ, ಹೆಸರು, ದಳ ಒತ್ತಿದ್ದರು.

ನಮಗೆ ಮಾತು ಹೊರಡಲಿಲ್ಲ. ಆ ಕುದುರೆಯನ್ನು ನಾವು ಕೊನೆಯ ಸಲ ನೋಡಿ ಅರವತ್ತನಾಲ್ಕು ವರ್ಷಗಳಾಗಿದ್ದವು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ತಂದೆಯವರ ಊರು ತಿಪಟೂರಿನ ಸಮೀಪದ ಒಂದು ಹಳ್ಳಿ. ನಮ್ಮ ಅಜ್ಜನ ಅಣ್ಣ, ಮನೆಮಂದಿಗೆಲ್ಲ 'ದೊಡ್ಡಜ್ಜ', ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದವರು. 1914ರಲ್ಲಿ ಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಐವತ್ತು ಲಕ್ಷ ರೂಪಾಯಿಗಳನ್ನು ಕೊಟ್ಟದ್ದಲ್ಲದೆ ತಮ್ಮ ಕುದುರೆದಳವನ್ನೂ ಸಮುದ್ರದಾಚೆಗೆ ಕಳುಹಿಸಿದರು. ಆ ದಳ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯ್ದು, ಅಲ್ಲಿಂದ ಪ್ಯಾಲೆಸ್ಟೈನಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಸೇರಿ ಹೈಫಾ ನಗರವನ್ನು ತುರ್ಕರಿಂದ ಬಿಡಿಸಿತು. ಲ ಕೆನ್ವಾದ ಏಣಿಗಿಂತ ಸರಿಯಾಗಿ ಆರು ವಾರ ಮೊದಲು. ಒಂದು ಬದಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಬದಿಗೆ ಕಿಶೋನ್ ಹೊಳೆ. ನಡುವೆ ಇಕ್ಕಟ್ಟಾದ ದಾರಿ, ಅದಕ್ಕೆ ಗುರಿಯಿಟ್ಟ ಫಿರಂಗಿಗಳು, ಯಂತ್ರಬಂದೂಕುಗಳು. ಮೈಸೂರಿನವರ ಒಂದು ತುಕಡಿ ಕಡಿದಾದ ಬೆಟ್ಟವನ್ನು ಹತ್ತಿ ಮೇಲಿನ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನಿಂದ ಭರ್ಜಿ ಹಿಡಿದು ಕುದುರೆಗಳನ್ನು ಬಿಟ್ಟುಕೊಂಡು ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಮಡಿದರು. ಸಂಜೆಯೊಳಗೆ ಊರು ಬಿದ್ದಿತು. ಸೆರೆಸಿಕ್ಕವರು 1,350 ಮಂದಿ, ಹಿಡಿದ ಫಿರಂಗಿಗಳು 17. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60.

ಈ ಅಂಕಿಗಳೆಲ್ಲವನ್ನೂ ನಾವು ಬಹಳ ತಡವಾಗಿ ಪುಸ್ತಕಗಳಲ್ಲಿ ಓದಿದೆವು. ಬಾಲ್ಯದಲ್ಲಿ ನಮಗೆ ತಿಳಿದಿದ್ದುದು ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತು, 'ಐಪಾ, ಐಪಾ' ಎನ್ನುತ್ತಿದ್ದ ಒಬ್ಬ ಮುದುಕರು. ಹೈಫಾ ಎಂಬ ಹೆಸರು ಅವರ ನಾಲಗೆಯಲ್ಲಿ ಹಾಗಾಗಿತ್ತು. ಸತ್ತ ಮನುಷ್ಯರ ಸುದ್ದಿ ಆಡುತ್ತಲೇ ಇರಲಿಲ್ಲ, ಆಡಿದರೆ ಕುದುರೆಗಳ ಸುದ್ದಿ. 'ಹೊಳೆ ದಂಡೇಲಿ ಜೋಧಪುರದವರ ಕುದುರೆ ಮರಳಿನೊಳಕ್ಕೆ ಇಳಿದೋಯ್ತು ಮಗ, ಮೇಲಿದ್ದೋನ ಕೈಲಿ ಏನೂ ಆಗ್ಲಿಲ್ಲ' ಎಂದು ಹೇಳಿ ಸುಮ್ಮನಾಗಿಬಿಡುತ್ತಿದ್ದರು. ನಾವು ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ನಮ್ಮ ಕೆರೆಯ ಮರಳಿನಲ್ಲಿ ಎಮ್ಮೆ ಕೂಡ ಇಳಿಯುತ್ತಿರಲಿಲ್ಲ, ಕುದುರೆ ಹೇಗೆ ಇಳಿದೀತು? ಅಜ್ಜನಿಗೆ ಅರಳುಮರಳು ಎಂದು ದೊಡ್ಡವರೇ ಹೇಳಿದ ಮೇಲೆ ಮಕ್ಕಳದೇನು ತಪ್ಪು? ಮುಂದೆ ಹಲವಾರು ವರ್ಷಗಳ ಮೇಲೆ, ನಾವು ನೌಕರಿಯಿಂದ ನಿವೃತ್ತರಾದ ಬಳಿಕ, ಆ ಯುದ್ಧದ ಇತಿಹಾಸವನ್ನು ಓದುವಾಗ, ಕಿಶೋನ್ ಹೊಳೆಯ ದಡದ ಹೂಳುಮರಳಿನಲ್ಲಿ ಮುಂದೆ ಹೋದ ಸವಾರರ ಕುದುರೆಗಳು ಹೂತುಹೋದ ಸಂಗತಿ ಒಂದು ಸಾಲಿನಲ್ಲಿ ಸಿಕ್ಕಿತು. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ದೊಡ್ಡಜ್ಜನ ಪದಕ ದೇವರಮನೆಯ ಮಾಡಿನಲ್ಲಿ ವಿಭೂತಿ ಗಟ್ಟಿಗಳ ಪಕ್ಕದಲ್ಲಿರುತ್ತಿತ್ತು. ಕುದುರೆಯ ಚಿತ್ರದ ಆಸೆಗೆ ನಾವು ಅದನ್ನು ಕದ್ದು ಆಡಿದ್ದೂ ಉಂಟು. 1960ರಲ್ಲಿ, ನಮಗೆ ಎಂಟು ವರ್ಷವಾದಾಗ, ದೀಕ್ಷೆ ನಿಶ್ಚಯವಾಯಿತು. ಆ ವರ್ಷ ಮಳೆ ಕೈಕೊಟ್ಟು ಮನೆಯಲ್ಲಿ ಕೈ ಬಿಗಿ. ಹುಡುಗನಿಗೆ ಬೆಳ್ಳಿಯ ಕರಡಿಗೆ ಆಗಬೇಕೆಂದು ಅಜ್ಜಿಯ ಹಟ. ಅಜ್ಜಿ ತಮ್ಮ ಕಾಲುಂಗುರಗಳನ್ನೂ ಒಂದು ಒಡೆದ ಬೆಳ್ಳಿ ಬಟ್ಟಲನ್ನೂ ತೆಗೆದಿಟ್ಟರು. ಇನ್ನೂ ಸ್ವಲ್ಪ ಸಾಲದೆಂದು ಅಕ್ಕಸಾಲಿ ಹೇಳಿದಾಗ ದೊಡ್ಡಜ್ಜನೇ ಎದ್ದು ಹೋಗಿ ಪದಕವನ್ನು ತಂದು ಆತನ ತಟ್ಟೆಗೆ ಹಾಕಿದರು. 'ನನ್ನ ಹತ್ರ ಇದ್ದು ಏನ್ ಮಾಡೀತು, ಹುಡುಗನ ಎದೆ ಮೇಲಾದ್ರೂ ಇರ್ಲಿ' ಎಂದದ್ದು ನಮಗೆ ಇಂದಿಗೂ ಕಿವಿಯಲ್ಲಿದೆ. ಮೂಸೆಯಲ್ಲಿ ದೊರೆಯ ತಲೆಯೂ ಸವಾರನೂ ಕುದುರೆಯೂ ಕರಗಿದ್ದನ್ನು ನಾವು ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದೆವು. ನಾಲ್ಕು ವರ್ಷದ ಮೇಲೆ ದೊಡ್ಡಜ್ಜ ಲಿಂಗೈಕ್ಯರಾದರು. ಅವರಿಗೆ ಮಕ್ಕಳಿರಲಿಲ್ಲ. ಒಂದು ಭಾವಚಿತ್ರವನ್ನೂ ತೆಗೆಸಿರಲಿಲ್ಲ. ಪದಕದ ಅಂಚಿನಲ್ಲಿ ಅವರ ಹೆಸರು ಸಂಖ್ಯೆಗಳು ಇದ್ದವೆಂಬುದೇ ನಮಗೆ ತಿಳಿದಿರಲಿಲ್ಲ; ಆ ಬೆಂಚಿನ ಮೇಲೆ ಕುಳಿತಾಗ ತಿಳಿಯಿತು.

ನ್ಯೂಜಿಲೆಂಡಿನ ಆ ಹಿರಿಯರಿಗೆ ಇದನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ನಡುನಡುವೆ ಅವಳ ಗಂಟಲೂ ಕಟ್ಟುತ್ತಿತ್ತು. ಅವಳಿಗೂ ಇದು ಹೊಸ ಸುದ್ದಿ. ಮನೆಯ ಮಕ್ಕಳಿಗೆ ನಾವು ಏನನ್ನು ಹೇಳಿದ್ದೇವೆ, ಏನನ್ನು ಹೇಳಿಲ್ಲ ಎಂಬ ಲೆಕ್ಕ ಯಾರಿಟ್ಟಿರುತ್ತಾರೆ? ನಾವು ಸ್ವೆಟರಿನೊಳಗಿನಿಂದ ಕರಡಿಗೆಯನ್ನು ಹೊರತೆಗೆದು ತೋರಿಸಿದೆವು. (ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಅದು ಕೀ ಎಂದು ಕೂಗಿದಾಗಲೆಲ್ಲ ತೋರಿಸಿ ತೋರಿಸಿ ನಮಗೆ ಸಂಕೋಚ ಉಳಿದಿಲ್ಲ.) ಆತ ಮುಟ್ಟಲಿಲ್ಲ, ಮುಟ್ಟಬಹುದೇ ಎಂದು ಕೇಳಲೂ ಇಲ್ಲ, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಾಗಿ ನೋಡಿದರು. ಆಮೇಲೆ, ತಮ್ಮ ಅಜ್ಜಿಯ ತಮ್ಮನೊಬ್ಬ ನ್ಯೂಜಿಲೆಂಡಿನ ಕುದುರೆದಳದೊಡನೆ ಪ್ಯಾಲೆಸ್ಟೈನಿನಲ್ಲಿದ್ದನೆಂದು ಹೇಳಿದರು. ಹೈಫಾ ಬಿದ್ದ ಎರಡು ದಿನಕ್ಕೆ ಅಮ್ಮಾನ್ ನಗರವನ್ನು ಹಿಡಿದವರು ಅವರೇ. ಆ ವರ್ಷದ ಬೇಸಗೆಯಲ್ಲಿ ಜೋರ್ಡನ್ ಕಣಿವೆಯ ಕೆಂಡದಂತಹ ಧೂಳಿನಲ್ಲಿ ಮೈಸೂರಿನವರೂ ಇದ್ದರು, ಅವರೂ ಇದ್ದರು. 'ನಿಮ್ಮಜ್ಜನ ಕುದುರೆಯೂ ನಮ್ಮವನ ಕುದುರೆಯೂ ಒಂದೇ ತೊಟ್ಟಿಯ ನೀರು ಕುಡಿದಿರಲೂಬಹುದು' ಎಂದರು ಆತ. ಆಗಿರಲೂಬಹುದು.

ಹಿಂದಿರುಗುವ ದಾರಿಯಲ್ಲಿ ನಮ್ಮ ಮನೆಯವರು, 'ಈ ಊರು ತನ್ನನ್ನು ಬಿಡಿಸಿದವರ ಹೆಸರನ್ನು ಬೀದಿಗೆ ಇಟ್ಟಿದೆ. ಆ ಹೈಫಾದವರು ನಮ್ಮವರನ್ನು ನೆನೆಯುತ್ತಾರೆಯೇ?' ಎಂದು ಕೇಳಿದರು. ನೆನೆಯುತ್ತಾರೆ. ಅಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. ಸೆಪ್ಟೆಂಬರ್ 23ನ್ನು ನಮ್ಮ ಸೈನ್ಯ ಹೈಫಾ ದಿನವೆಂದು ಆಚರಿಸುತ್ತದೆ. ದೆಹಲಿಯ ತೀನ್ ಮೂರ್ತಿಯ ಮೂವರು ಸವಾರರ ಪ್ರತಿಮೆಗಳಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿದೆ. ಆದರೆ ಈ ಎರಡು ಬಿಡುಗಡೆಗಳೂ ಒಂದೇ ಬಗೆಯವಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ. ಲ ಕೆನ್ವಾದ ಜನರಿಗೆ ಅವರ ದೇಶ ಮರಳಿ ಸಿಕ್ಕಿತು. ಹೈಫಾದಿಂದ ತುರ್ಕರು ಹೋದರು, ಇಂಗ್ಲಿಷರು ಬಂದು ಕುಳಿತರು. ಆ ನಾಡಿನಲ್ಲಿ ಅಂದಿನಿಂದ ಹರಿದ ರಕ್ತ ಇಂದಿಗೂ ಒಣಗಿಲ್ಲ. ಬಿಡಿಸಲು ಹೋದ ನಮ್ಮವರಾದರೂ ಸ್ವತಂತ್ರರಾಗಿದ್ದರೇ? ದೊಡ್ಡಜ್ಜನ ಎದೆಗೆ ತೂಗಿದ್ದು ಪರದೇಶದ ದೊರೆಯ ತಲೆ. ಅಕ್ಕಸಾಲಿಯ ತಟ್ಟೆಗೆ ಅದನ್ನು ಹಾಕುವಾಗ ಅವರ ಮನಸ್ಸಿನಲ್ಲಿ ಇದೂ ಇತ್ತೋ ಏನೋ. ಕೇಳುವ ವಯಸ್ಸು ನಮಗಿರಲಿಲ್ಲ, ಕೇಳಬೇಕೆನ್ನಿಸಿದ ವಯಸ್ಸಿನಲ್ಲಿ ಅವರಿರಲಿಲ್ಲ.

ಆ ಪ್ರವಾಸದಲ್ಲಿ ಇನ್ನೊಂದು ದಿನ ನವ್ ಶಾಪೆಲ್ ಎಂಬಲ್ಲಿರುವ ಭಾರತೀಯ ಸೈನಿಕರ ಸ್ಮಾರಕಕ್ಕೂ ಹೋಗಿಬಂದೆವು. 1927ರಲ್ಲಿ ತೆರೆದದ್ದು. ದುಂಡನೆಯ ಆವರಣ, ಅಶೋಕಸ್ತಂಭವನ್ನು ನೆನಪಿಗೆ ತರುವ ಕಂಬ, ಗೋಡೆಯ ಮೇಲೆ ಗೋರಿಯೇ ಇಲ್ಲದ 4,700ಕ್ಕೂ ಹೆಚ್ಚು ಮಂದಿಯ ಹೆಸರುಗಳು. ಅಲ್ಲಿ ನಾವು ಹೊರತು ಬೇರೆ ಯಾರೂ ಇರಲಿಲ್ಲ. ಮೊಮ್ಮಗ ಹುಲ್ಲಿನ ಮೇಲೆ ಓಡಾಡಿದನು.

ಬೆಂಗಳೂರಿಗೆ ಮರಳಿದ ಮೇಲೆ ಒಂದು ಭಾನುವಾರ ಜೆ.ಸಿ. ನಗರಕ್ಕೆ ಹೋದೆವು. ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕಸ್ತಂಭ ಅಲ್ಲಿದೆ. ಅದರ ಸಮೀಪದ ರಸ್ತೆಯಲ್ಲಿ ನಾವು ನೌಕರಿಯ ದಿನಗಳಲ್ಲಿ ಬಸ್ಸಿನಲ್ಲಿ ಎಷ್ಟು ಸಾವಿರ ಸಲ ಹೋಗಿದ್ದೆವೋ, ಒಂದು ದಿನವೂ ಇಳಿದಿರಲಿಲ್ಲ. ಆಟೋದವನಿಗೆ 'ಲ್ಯಾನ್ಸರ್ಸ್ ಸ್ಮಾರಕ' ಎಂದರೆ ತಿಳಿಯಲಿಲ್ಲ. ಹಣ್ಣು ಮಾರುವ ಹೆಂಗಸು ಕೈ ತೋರಿಸಿದಳು. ಕಂಬದ ಮೇಲೆ ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಕೆತ್ತಿದ್ದಾರೆ. ನಾವು ಕನ್ನಡಕ ಬದಲಿಸಿ, ಬೆರಳಿಟ್ಟು ಒಂದೊಂದನ್ನೂ ಓದಿದೆವು. ದೊಡ್ಡಜ್ಜನ ಹೆಸರು ಇರಲಿಲ್ಲ. ಇರುವಂತೆಯೂ ಇಲ್ಲವಲ್ಲ, ಅವರು ಬದುಕಿ ಮನೆಗೆ ಬಂದಿದ್ದರು. ಅದನ್ನು ತಿಳಿದೂ ಏಕೆ ಹುಡುಕಿದೆವೋ ಹೇಳಲಾರೆವು.

ನಮ್ಮ ಮನೆಯವರು ಕಂಬದ ಬುಡದ ಒಣಗಿದ ಎಲೆಗಳನ್ನು ಸೆರಗಿನಿಂದ ಸರಿಸಿ, ತಂದಿದ್ದ ಬಿಲ್ವಪತ್ರೆಯನ್ನೂ ಎರಡು ಕಣಗಿಲೆ ಹೂವನ್ನೂ ಇಟ್ಟರು. ಬಿಸಿಲೇರುವವರೆಗೆ ಅಲ್ಲೇ ಕುಳಿತಿದ್ದು, ಅದೇ ದಾರಿಯ ಬಸ್ಸು ಹಿಡಿದು ಮನೆಗೆ ಬಂದೆವು. ಆ ಸಂಜೆಯೇ ಮೊಮ್ಮಗನಿಗೆ ದೂರವಾಣಿಯಲ್ಲಿ ಕುದುರೆ ಮರಳಿನಲ್ಲಿ ಇಳಿದ ಕಥೆಯನ್ನು ಹೇಳಿದೆವು. ಅವನು ನಗಲಿಲ್ಲ. 'ಆ ಕುದುರೆಯ ಹೆಸರೇನು ತಾತ?' ಎಂದು ಕೇಳಿದನು.